ಮುನ್ನೂರು ಚೌಕಗಳ ಒಂದು ನಿಮಿಷ

ಗುಂಡ್ಲುಪೇಟೆಯಿಂದಲೋ ಚಾಮರಾಜನಗರದಿಂದಲೋ ಬೆಳಗಿನ ಹೊತ್ತು ಮೈಸೂರಿಗೆ ಹೊರಡುವ ಬಸ್ಸುಗಳಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ಕವರು ಇಟ್ಟುಕೊಂಡು ಕೂತವರು ಸದಾ ಕಾಣಸಿಗುತ್ತಾರೆ. ಕವರಿನೊಳಗೆ ಆಸ್ಪತ್ರೆಯ ಚೀಟಿ, ರಕ್ತಪರೀಕ್ಷೆಯ ರಿಪೋರ್ಟು, ಖಾಲಿಯಾದ ಮಾತ್ರೆಪಟ್ಟಿ, ಜೊತೆಗೆ ನಾಲ್ಕು ಮಡಿಕೆಯಾದ ನಸುಗೆಂಪು ಗೆರೆಗಳ ನುಣುಪು ಕಾಗದ. ಅದು ಇಸಿಜಿ. ಅವರ ಹೃದಯವೇ ಬರೆದುಕೊಟ್ಟ ಕಾಗದವನ್ನು ಅರವತ್ತು ಕಿಲೋಮೀಟರ್ ಹೊತ್ತೊಯ್ಯುವವರಲ್ಲಿ ಹೆಚ್ಚಿನವರು ದಾರಿಯಲ್ಲಿ ಒಮ್ಮೆಯೂ ಬಿಚ್ಚಿ ನೋಡುವುದಿಲ್ಲ. ಅದು ಡಾಕ್ಟರು ನೋಡಬೇಕಾದದ್ದು ಎಂಬ ಭಾವ.

ಆ ಕಾಗದದ ಬಹುಪಾಲು ಸಂಗತಿ ವೈದ್ಯರ ಓದಿಗೆ ಸೇರಿದ್ದು ನಿಜ. ಆದರೆ ಒಂದು ಸಂಗತಿ ಗುಣಾಕಾರ, ಭಾಗಾಕಾರ ಬಲ್ಲ ಯಾರಿಗೂ ದಕ್ಕುತ್ತದೆ. ಕಾಗದ ಬರೆಸಿಕೊಂಡ ಆ ಹೊತ್ತಿಗೆ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿತ್ತು ಎಂಬುದು. ಕಾಗದದ ಮೂಲೆಯಲ್ಲಿ ಯಂತ್ರವೇ ಆ ಸಂಖ್ಯೆಯನ್ನು ಮುದ್ರಿಸಿರುತ್ತದೆ, ಮತ್ತೇಕೆ ಎಣಿಸಬೇಕು ಎಂದು ಕೇಳಬಹುದು. ಯಂತ್ರವೂ ಎಣಿಸಿಯೇ ಹೇಳುತ್ತದೆ, ಕೆಲವು ಸಲ ತಪ್ಪು ಎಣಿಸುತ್ತದೆ. ಇನ್ನೂ ಮುಖ್ಯವಾದ ಕಾರಣ ಬೇರೆ ಇದೆ. ಆ ಸಂಖ್ಯೆ ಹೇಗೆ ಹುಟ್ಟಿತು ಎಂದು ತಿಳಿದವರಿಗೆ ಅದು ಏನನ್ನು ಹೇಳಲಾರದು ಎಂಬುದೂ ತಿಳಿಯುತ್ತದೆ. ಜೀವ ಉಳಿಯುವುದು, ಹೋಗುವುದು ಎಷ್ಟೋ ಸಲ ಆ ಎರಡನೆಯ ತಿಳಿವಳಿಕೆಯ ಮೇಲೆ ನಿಂತಿರುತ್ತದೆ.

ಮೊದಲು ಕಾಗದ. ಅದರ ಮೇಲೆ ಎರಡು ಬಗೆಯ ಚೌಕಗಳಿವೆ. ತೆಳು ಗೆರೆಯ ಚಿಕ್ಕ ಚೌಕದ ಅಗಲ 1 ಮಿಲಿಮೀಟರ್. ಅಂಥ ಐದು ಸೇರಿದರೆ ದಪ್ಪ ಗೆರೆಯ ದೊಡ್ಡ ಚೌಕ. ಕೆಳಗಿನಿಂದ ಮೇಲಕ್ಕೆ ಅಳೆದರೆ ವಿದ್ಯುತ್ತಿನ ಪ್ರಮಾಣ, ಎಡದಿಂದ ಬಲಕ್ಕೆ ಅಳೆದರೆ ಕಾಲ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಎಡ-ಬಲದ ಅಳತೆ ಮಾತ್ರ. ನಮ್ಮ ಆಸ್ಪತ್ರೆಗಳಲ್ಲಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಸರಿಯುತ್ತದೆ. ಹಾಗಾಗಿ ಒಂದು ಚಿಕ್ಕ ಚೌಕ ಎಂದರೆ 0.04 ಸೆಕೆಂಡು, ದೊಡ್ಡ ಚೌಕ ಎಂದರೆ 0.2 ಸೆಕೆಂಡು. ಐದು ದೊಡ್ಡ ಚೌಕ ದಾಟಿದರೆ ಒಂದು ಸೆಕೆಂಡು, ಮುನ್ನೂರು ದಾಟಿದರೆ ಒಂದು ನಿಮಿಷ. ಚಿಕ್ಕ ಚೌಕದ ಲೆಕ್ಕದಲ್ಲಿ ನಿಮಿಷಕ್ಕೆ 1500. ಇಡೀ ಒಂದು ನಿಮಿಷದ ಹೃದಯವನ್ನು ಬರೆಸಬೇಕೆಂದರೆ ಒಂದೂವರೆ ಮೀಟರ್ ಕಾಗದ ಬೇಕಾಗುತ್ತದೆ. ಸಾಮಾನ್ಯವಾಗಿ ಹತ್ತು ಸೆಕೆಂಡಿನದನ್ನಷ್ಟೇ ಬರೆಸುತ್ತಾರೆ. ಅದು 25 ಸೆಂಟಿಮೀಟರ್, ಒಂದು ಎ4 ಹಾಳೆಯ ಉದ್ದದೊಳಗೆ ಕೂರುತ್ತದೆ. ಸಣ್ಣ ಕ್ಲಿನಿಕ್ಕುಗಳಲ್ಲಿ ಕಿರುಪಟ್ಟಿಯ ಯಂತ್ರ ಇರುತ್ತದೆ. ಅದರಲ್ಲಿ ಬಂದ ತುಂಡುಗಳನ್ನು ಕತ್ತರಿಸಿ ಹಾಳೆಗೆ ಅಂಟಿಸಿಕೊಡುತ್ತಾರೆ. ಎರಡರಲ್ಲೂ ಚೌಕ ಅದೇ, ಲೆಕ್ಕವೂ ಅದೇ.

ಇಸಿಜಿ ತೆಗೆಯುವಾಗ ಕೈಕಾಲಿಗೆ ಕೆಂಪು, ಹಳದಿ, ಹಸಿರು, ಕಪ್ಪು ಬಣ್ಣದ ನಾಲ್ಕು ಕ್ಲಿಪ್ಪು, ಎದೆಗೆ ಜೆಲ್ ಹಚ್ಚಿ ಆರು ಬಟ್ಟಲು ಹಾಕುತ್ತಾರೆ. ಇವು ದೇಹಕ್ಕೆ ಯಾವ ಕರೆಂಟನ್ನೂ ಬಿಡುವುದಿಲ್ಲ. ‘ಕರೆಂಟ್ ಕೊಟ್ಟು ನೋಡ್ತಾರಂತೆ’ ಎಂದು ಹೆದರಿ ಹಿಂದೇಟು ಹಾಕುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ಹೃದಯದಲ್ಲೇ ಹುಟ್ಟಿ ಚರ್ಮದವರೆಗೆ ಹರಿದುಬರುವ, ಮಿಲಿವೋಲ್ಟ್ ಲೆಕ್ಕದ ಅತಿಸಣ್ಣ ವಿದ್ಯುತ್ತನ್ನು ಅವು ಕೇಳಿಸಿಕೊಳ್ಳುತ್ತವೆ, ಅಷ್ಟೆ. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಿಗೆ ವಿದ್ಯುತ್ತು ಹಬ್ಬಿದಾಗ ಕಾಗದದ ಮೇಲೆ ಪುಟ್ಟ ಉಬ್ಬು ಮೂಡುತ್ತದೆ, ಅದು ಪಿ. ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಹಬ್ಬಿದಾಗ ಚೂಪಾದ ಶಿಖರ ಏಳುತ್ತದೆ, ಅದು ಕ್ಯೂಆರ್‌ಎಸ್. ಅದರ ತುದಿ ಆರ್. ಸ್ನಾಯು ಮುಂದಿನ ಬಡಿತಕ್ಕೆ ಮತ್ತೆ ಅಣಿಯಾಗುವಾಗ ಬರುವ ದುಂಡು ಅಲೆ ಟಿ. ಒಂದು ಪಿ, ಒಂದು ಕ್ಯೂಆರ್‌ಎಸ್, ಒಂದು ಟಿ ಸೇರಿದರೆ ಒಂದು ಬಡಿತ.

ಈಗ ಎಣಿಕೆ. ಹಾಳೆಯ ಅಡಿಯಲ್ಲಿ ಎಡದಿಂದ ಬಲಕ್ಕೆ ಎಡೆಬಿಡದೆ ಓಡುವ ಉದ್ದನೆಯ ಸಾಲು ಇರುತ್ತದೆ. ಬಹಳ ಸಲ ಅದು ಎರಡನೇ ಲೀಡಿನದು, ಅಂದರೆ ಯಂತ್ರ ಹೃದಯವನ್ನು ನೋಡುವ ಕೋನಗಳಲ್ಲಿ ಎರಡನೆಯದರದು. ಅಲ್ಲಿ ದಪ್ಪ ಗೆರೆಯ ಮೇಲೆ ಅಥವಾ ಅದರ ಹತ್ತಿರ ಬಿದ್ದ ಒಂದು ಆರ್ ಶಿಖರ ಹುಡುಕಿ. ಅಲ್ಲಿಂದ ಮುಂದಿನ ಶಿಖರದವರೆಗೆ ಎಷ್ಟು ದೊಡ್ಡ ಚೌಕ ಇವೆ ಎಂದು ಎಣಿಸಿ. 300 ಅನ್ನು ಆ ಸಂಖ್ಯೆಯಿಂದ ಭಾಗಿಸಿ. ನಾಲ್ಕು ಚೌಕವಿದ್ದರೆ 75. ಐದಿದ್ದರೆ 60. ಮೂರಿದ್ದರೆ 100. ವೈದ್ಯ ವಿದ್ಯಾರ್ಥಿಗಳು ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿರುತ್ತಾರೆ: 300, 150, 100, 75, 60, 50. ಮೊದಲ ಶಿಖರದ ನಂತರದ ಒಂದೊಂದು ದಪ್ಪ ಗೆರೆಗೂ ಒಂದೊಂದು ಸಂಖ್ಯೆ ಹೇಳುತ್ತಾ ಹೋದರೆ ಎರಡನೆಯ ಶಿಖರ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಉತ್ತರ ಬಂದಿರುತ್ತದೆ. ಶಿಖರ ಎರಡು ದಪ್ಪ ಗೆರೆಗಳ ನಡುವೆ ನಿಂತರೆ ಚಿಕ್ಕ ಚೌಕಗಳನ್ನು ಎಣಿಸಿ 1500ನ್ನು ಭಾಗಿಸಬೇಕು. 18 ಚಿಕ್ಕ ಚೌಕವಿದ್ದರೆ 83.

ಈ ಲೆಕ್ಕಕ್ಕೆ ಒಂದು ಗುಣವಿದೆ. ಎಣಿಸುವಾಗ ಒಂದು ಚಿಕ್ಕ ಚೌಕ ತಪ್ಪಿದರೆ ಏನಾಗುತ್ತದೆ? ಹೃದಯ ನಿಧಾನವಾಗಿ ಬಡಿಯುತ್ತಿದ್ದರೆ ಹೆಚ್ಚೇನೂ ಆಗುವುದಿಲ್ಲ. 25 ಚೌಕಕ್ಕೆ 60, 26 ಚೌಕಕ್ಕೆ 58. ಆದರೆ ಓಡುವ ಹೃದಯದಲ್ಲಿ 10 ಚೌಕಕ್ಕೆ 150, 11 ಚೌಕಕ್ಕೆ 136. ತಪ್ಪಿದ್ದು ಅದೇ ಒಂದು ಮಿಲಿಮೀಟರ್, ವ್ಯತ್ಯಾಸ ಮಾತ್ರ ಹದಿನಾಲ್ಕು. ಬಡಿತ ಜೋರಾದಷ್ಟೂ ಎಣಿಕೆಯ ಪೆಟ್ಟು ದೊಡ್ಡದು. ಅದಕ್ಕೇ ವೇಗದ ಹೃದಯವನ್ನು ಅಳೆಯುವಾಗ ಒಂದೇ ಅಂತರವನ್ನು ನೆಚ್ಚಬಾರದು. ಐದು ಅಂತರಗಳನ್ನು ಒಟ್ಟಿಗೆ ಅಳೆದು ಐದರಿಂದ ಭಾಗಿಸಿಕೊಂಡು ಆಮೇಲೆ ಲೆಕ್ಕ ಹಾಕಿದರೆ ತಪ್ಪು ಹಂಚಿಹೋಗುತ್ತದೆ. ಹಾಗೆಯೇ ಎಣಿಸುವ ಮುಂಚೆ ಕಾಗದದ ಅಂಚಿನಲ್ಲಿ ಮುದ್ರಿಸಿರುವ ವೇಗವನ್ನು ಓದಬೇಕು. 25 ಎಂದಿದ್ದರೆ ಮೇಲಿನ ಲೆಕ್ಕ ಸರಿ. ಜರ್ಮನಿಯಂಥ ಕೆಲವು ದೇಶಗಳಲ್ಲಿ 50ರ ವೇಗ ಬಳಕೆಯಲ್ಲಿದೆ. ನಮ್ಮಲ್ಲೂ ಯಾರಾದರೂ ಗುಂಡಿ ಒತ್ತಿ 50ಕ್ಕೆ ಬದಲಿಸಿದ್ದರೆ 80ರ ಹೃದಯ 40 ಎಂದು ಕಾಣುತ್ತದೆ. ಆಗ 300ರ ಜಾಗದಲ್ಲಿ 600 ಹಿಡಿಯಬೇಕು.

ಇಷ್ಟರವರೆಗಿನದು ಹೃದಯ ಒಂದೇ ಲಯದಲ್ಲಿ ನಡೆಯುತ್ತಿದೆ ಎಂದುಕೊಂಡ ಲೆಕ್ಕ. ಲಯ ತಪ್ಪಿದ ಹೃದಯದ ಮುಂದೆ ಇದು ಸೋಲುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಸ್ಥಿತಿಯಲ್ಲಿ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸದೆ ಬರೀ ಅದುರುತ್ತವೆ. ಪಿ ಅಲೆ ಕಾಣೆಯಾಗುತ್ತದೆ, ಶಿಖರಗಳು ಮನಸ್ಸಿಗೆ ಬಂದ ಕಡೆ ಏಳುತ್ತವೆ. ಎಳವೆಯಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕಿರಿದಾದವರಲ್ಲಿ, ವಯಸ್ಸಾದವರಲ್ಲಿ, ಥೈರಾಯ್ಡ್ ಹೆಚ್ಚಾದವರಲ್ಲಿ ಇದು ಕಾಣುತ್ತದೆ. ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗುವ ಅಪಾಯ ಇದರಲ್ಲಿದೆ. ಇಂಥ ಕಾಗದದಲ್ಲಿ ಒಂದು ಅಂತರ ಎರಡು ಚೌಕ, ಪಕ್ಕದ್ದು ನಾಲ್ಕು ಚೌಕ ಎಂದುಕೊಳ್ಳಿ. ಮೊದಲನೆಯದು 150 ಎನ್ನುತ್ತದೆ, ಎರಡನೆಯದು 75 ಎನ್ನುತ್ತದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ 112. ಅದೂ ತಪ್ಪು. ಆರು ದೊಡ್ಡ ಚೌಕಗಳಲ್ಲಿ, ಅಂದರೆ 1.2 ಸೆಕೆಂಡಿನಲ್ಲಿ, ಎರಡು ಬಡಿತ ಆಗಿವೆ. ನಿಜವಾದ ವೇಗ 100. ಅಂತರಗಳಿಂದ ಬಂದ ವೇಗಗಳ ಸರಾಸರಿ ತೆಗೆಯಬಾರದು, ಬಡಿತಗಳನ್ನೇ ಎಣಿಸಬೇಕು. ಮೂವತ್ತು ದೊಡ್ಡ ಚೌಕ ಅಳೆದುಕೊಳ್ಳಿ, ಅದು ಆರು ಸೆಕೆಂಡು. ಅದರೊಳಗಿನ ಶಿಖರಗಳನ್ನು ಎಣಿಸಿ ಹತ್ತರಿಂದ ಗುಣಿಸಿ. ಹತ್ತು ಸೆಕೆಂಡಿನ ಪೂರ್ತಿ ಸಾಲು ಇದ್ದರೆ ಎಣಿಸಿ ಆರರಿಂದ ಗುಣಿಸಿ. 18 ಶಿಖರಗಳಿದ್ದರೆ 108. ಯಾವ ಹೃದಯಕ್ಕೂ ಹೊಂದುವ, ಅತ್ಯಂತ ಸರಳವಾದ ದಾರಿ ಇದೇ. ಮನೆಯಲ್ಲಿ ಒಬ್ಬರಿಗೆ ಒಂದೇ ವಿಧಾನ ಕಲಿಸುವುದಾದರೆ ನಾನು ಇದನ್ನೇ ಕಲಿಸುತ್ತೇನೆ.

ಇನ್ನೂ ವಿಚಿತ್ರವಾದ ಕಾಗದವೊಂದಿದೆ, ಅದರಲ್ಲಿ ಒಂದೇ ಹೃದಯಕ್ಕೆ ಎರಡು ವೇಗ. ಹೃತ್ಕರ್ಣಗಳಿಂದ ಹೃತ್ಕುಕ್ಷಿಗಳಿಗೆ ಇಳಿಯುವ ವಿದ್ಯುತ್ ದಾರಿ ಪೂರ್ತಿ ಮುಚ್ಚಿಹೋದಾಗ, ಒಂದು ನೊಗಕ್ಕೆ ಕಟ್ಟಿದ ಎರಡೆತ್ತು ತಮ್ಮ ತಮ್ಮ ನಡಿಗೆ ನಡೆದ ಹಾಗೆ ಮೇಲಿನ ಕೋಣೆಗಳು ತಮ್ಮ ಪಾಡಿಗೆ, ಕೆಳಗಿನವು ತಮ್ಮ ಪಾಡಿಗೆ ಬಡಿಯುತ್ತವೆ. ಪಿಯಿಂದ ಪಿಗೆ ನಾಲ್ಕು ಚೌಕ, 75. ಆರ್‌ನಿಂದ ಆರ್‌ಗೆ ಎಂಟು ಚೌಕ, 37 ಅಥವಾ 38. ಮೈಗೆ ರಕ್ತ ಹೋಗುವುದು ಎರಡನೆಯ ಲೆಕ್ಕದಲ್ಲಿ. ಹೊಲದಲ್ಲಿ ಬಗ್ಗಿ ಎದ್ದಾಗ ಕಣ್ಣು ಕತ್ತಲಿಟ್ಟು ಬೀಳುವ, ‘ವಯಸ್ಸಾಯ್ತು, ಊಟ ಸೇರಲ್ಲ, ಅದಕ್ಕೇ ತಲೆ ಸುತ್ತುತ್ತೆ’ ಎಂದು ಮನೆಯವರೇ ಸಮಾಧಾನ ಹೇಳುವ ಎಷ್ಟೋ ಅಜ್ಜ ಅಜ್ಜಿಯರ ತಲೆಸುತ್ತಿಗೆ ಇಂಥ ನಿಧಾನ ಹೃದಯ ಕಾರಣವಾಗಿರಬಹುದು. ಪೇಸ್‌ಮೇಕರ್ ಅಳವಡಿಸಿದರೆ ಅವರು ಮತ್ತೆ ನೆಟ್ಟಗೆ ನಡೆಯುತ್ತಾರೆ. ಹಿರಿಯರು ಕಾರಣವಿಲ್ಲದೆ ಬಿದ್ದರೆ ಮೂಳೆಯ ಎಕ್ಸ್‌ರೇ ಜೊತೆಗೆ ಒಂದು ಇಸಿಜಿಯನ್ನೂ ತೆಗೆಸಬೇಕು.

ಯಂತ್ರ ಎಲ್ಲಿ ಎಡವುತ್ತದೆ? ಟಿ ಅಲೆ ಶಿಖರದಷ್ಟೇ ಎತ್ತರವಾಗಿದ್ದರೆ ಅದನ್ನೂ ಬಡಿತವೆಂದು ಎಣಿಸಿ 70ನ್ನು 140 ಎಂದುಬಿಡಬಹುದು. ರೋಗಿ ಚಳಿಗೆ ನಡುಗುತ್ತಿದ್ದರೆ, ಕೈನಡುಕದ ಕಾಯಿಲೆ ಇದ್ದರೆ, ಕ್ಲಿಪ್ಪು ಸಡಿಲವಾಗಿದ್ದರೆ ಗೆರೆಯೆಲ್ಲ ಗರಗಸದ ಹಲ್ಲಾಗಿ ಅಂಕಿ ಎಲ್ಲೋ ಹಾರುತ್ತದೆ. ಶಿಖರಗಳು ತೀರ ಗಿಡ್ಡವಾಗಿದ್ದರೆ ಕೆಲವನ್ನು ಕಾಣದೆ ಬಿಡುತ್ತದೆ. ಇದನ್ನು ಹಿಡಿಯಲು ಬೇಕಾದದ್ದು ಮೂರು ಬೆರಳು. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ನಾಡಿ ಹಿಡಿದು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರೆ ಸಾಕು. ಕಾಗದ 140, ನಾಡಿ 70 ಎಂದರೆ ಕಾಗದವನ್ನು ಮತ್ತೊಮ್ಮೆ ನೋಡಬೇಕು. ಲಯ ತಪ್ಪಿದ ಹೃದಯದಲ್ಲಿ ಮಾತ್ರ ನಾಡಿಯೇ ಕಡಿಮೆ ಹೇಳುತ್ತದೆ. ಬಲವಿಲ್ಲದ ಬಡಿತಗಳು ಮಣಿಕಟ್ಟಿನವರೆಗೆ ಮುಟ್ಟುವುದೇ ಇಲ್ಲ. ಆಗ ಕಾಗದವನ್ನು ನಂಬಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ತೋರಿಸುವ ಎರಡನೆಯ ಅಂಕಿಯೂ ನಾಡಿಯದೇ. ಬೆಳಕು ಹಾಯಿಸಿ ಬೆರಳಿಗೆ ಬಂದ ರಕ್ತದ ಏರಿಳಿತವನ್ನು ಅದು ಎಣಿಸುತ್ತದೆ, ಹೃದಯದ ವಿದ್ಯುತ್ತನ್ನು ಕಾಣುವುದಿಲ್ಲ. ಹಾಗಾಗಿ ನಾಡಿಗೆ ಇರುವ ಮಿತಿಯೇ ಅದಕ್ಕೂ ಇದೆ.

ಬಂದ ಸಂಖ್ಯೆ ಒಳ್ಳೆಯದೋ ಕೆಟ್ಟದ್ದೋ? ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 60ರಿಂದ 100 ಸಹಜ ಎಂದು ಪುಸ್ತಕ ಹೇಳುತ್ತದೆ. ಪುಸ್ತಕದ ಗೆರೆಯನ್ನು ಆಳು ನೋಡಿ ಹಾಕಬೇಕು. ದಿನವೂ ಮೈಮುರಿದು ದುಡಿದು ಗಟ್ಟಿಯಾದವರಿಗೆ, ಓಟಗಾರರಿಗೆ 50ರ ಆಸುಪಾಸಿನ ಬಡಿತ ಕಾಯಿಲೆಯಲ್ಲ. ಬಿಪಿಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರಿಗೆ ನಿಧಾನವಾಗುವುದು ಮಾತ್ರೆಯ ಗುಣವೇ. ಉಬ್ಬಸಕ್ಕೆ ಸಾಲ್ಬುಟಮಾಲ್ ಎಳೆದುಕೊಂಡವರಿಗೆ ಏರುತ್ತದೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು ಹತ್ತು ಏರುತ್ತದೆ. ಆಸ್ಪತ್ರೆಯ ಮಂಚ ಹತ್ತಿದ ಭಯಕ್ಕೇ ಹತ್ತಿಪ್ಪತ್ತು ಹೆಚ್ಚುವುದೂ ಉಂಟು.

ಮಕ್ಕಳ ಲೆಕ್ಕವಂತೂ ಬೇರೆಯೇ. ಹಾಲು ಕುಡಿಯುವ ಕೂಸಿಗೆ 120, 140 ತೀರ ಸಹಜ. ವಯಸ್ಸು ಏರಿದಂತೆ ಅದು ಇಳಿಯುತ್ತಾ ಬಂದು ಹದಿಹರೆಯದ ಹೊತ್ತಿಗೆ ದೊಡ್ಡವರ ಗೆರೆ ಮುಟ್ಟುತ್ತದೆ. 2025ರ ಜನವರಿಯಲ್ಲಿ ಚಾಮರಾಜನಗರದಲ್ಲಿ ಶಾಲೆಯಲ್ಲೇ ಕುಸಿದು ಮಗುವೊಂದು ತೀರಿಕೊಂಡಾಗ ಜಿಲ್ಲೆಯ ತಾಯ್ತಂದೆಯರೆಲ್ಲ ನಡುಗಿದ್ದರು. ಆ ಭಯ ಅರ್ಥವಾಗುವಂಥದ್ದು. ಆದರೆ ಆಡಿ ಬಂದ ಮಗುವಿನ ಬಡಿತ ಎಣಿಸಿ 110 ಇದೆ ಎಂದು ಗಾಬರಿಬೀಳಬೇಕಿಲ್ಲ. ಮಕ್ಕಳಲ್ಲಿ ನೋಡಬೇಕಾದ ಗುರುತುಗಳು ಬೇರೆ. ಓಡುವಾಗ ಪ್ರಜ್ಞೆ ತಪ್ಪುವುದು, ತುಟಿ ನೀಲಿಗಟ್ಟುವುದು, ಓರಗೆಯವರಷ್ಟು ಆಡಲಾಗದೆ ಏದುಸಿರು ಬಿಟ್ಟು ಕೂರುವುದು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು. ಇವುಗಳಲ್ಲಿ ಒಂದಿದ್ದರೂ ಮಗುವನ್ನು ಹೃದಯ ತಜ್ಞರಿಗೆ ತೋರಿಸಬೇಕು.

ಈ ಜಿಲ್ಲೆಯಲ್ಲಿ ಬಡಿತದ ಸಂಖ್ಯೆ ಹೃದಯವನ್ನು ದಾಟಿ ಬೇರೆಡೆಗೆ ಬೆರಳು ತೋರಿಸುವುದೂ ಉಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿನ ಗಿರಿಜನರಾದ ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಇರುವುದನ್ನು ಗುರುತಿಸಿ ವರ್ಷಾನುಗಟ್ಟಲೆ ಅದರ ಮೇಲೆ ಕೆಲಸ ಮಾಡಿದೆ. ರಕ್ತದಲ್ಲಿ ಆಮ್ಲಜನಕ ಹೊರುವ ಕಣ ಕಡಿಮೆಯಾದರೆ ಇರುವಷ್ಟನ್ನೇ ಹೆಚ್ಚು ಸಲ ತಿರುಗಿಸಲು ಹೃದಯ ವೇಗ ಹೆಚ್ಚಿಸಿಕೊಳ್ಳುತ್ತದೆ. ಸುಮ್ಮನೆ ಮಲಗಿದ್ದಾಗಲೂ 110 ಇರುವ ಹೆಂಗಸಿಗೆ ಎಷ್ಟೋ ಸಲ ಬೇಕಾಗಿರುವುದು ಹೃದಯದ ಮಾತ್ರೆಯಲ್ಲ, ರಕ್ತದ ಪರೀಕ್ಷೆ. ಇನ್ನೊಂದು ತುದಿಯಲ್ಲಿ ಹೊಲಕ್ಕೆ ಔಷಧಿ ಹೊಡೆಯುವ ಕೂಲಿಯವರಿದ್ದಾರೆ. ಗುಂಡ್ಲುಪೇಟೆಯ ಚೆಂಡುಹೂವಿನ ಹೊಲವಾಗಲಿ, ತರಕಾರಿ, ಬಾಳೆಯ ತೋಟವಾಗಲಿ, ಮುಖಕ್ಕೆ ಬಟ್ಟೆಯೂ ಇಲ್ಲದೆ ಔಷಧಿ ಹೊಡೆಯುವವರನ್ನು ಕಾಣದವರಿಲ್ಲ. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ಮೈಸೇರಿದರೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಬೆವರು, ಜೊತೆಗೆ ಹೃದಯದ ಬಡಿತ ಇಳಿಯುವುದು. ಇಲ್ಲಿ ಎಣಿಕೆಯೇ ಚಿಕಿತ್ಸೆಯ ಅಳತೆಗೋಲು. ಎದೆಯ ಕಫದ ಸದ್ದು ನಿಂತು, ಬಡಿತ 80ರ ಮೇಲೇರುವವರೆಗೆ ವೈದ್ಯರು ಅಟ್ರೊಪಿನ್ ಕೊಡುತ್ತಾ ಹೋಗುತ್ತಾರೆ.

ನಾಡಿ ಹಿಡಿದು ನೋಡುವ ಪರಂಪರೆ ನಮ್ಮದು ಹಳೆಯದು. ಶಾರ್ಙ್ಗಧರ ಸಂಹಿತೆಯಲ್ಲಿ ನಾಡಿಯ ಗತಿಯ ವಿವರಗಳಿವೆ. ಆದರೆ ಆ ಪರೀಕ್ಷೆಯ ಲಕ್ಷ್ಯ ನಡಿಗೆಯ ಬಗೆಯ ಮೇಲಿತ್ತು. ಹೃದಯದ ವಿದ್ಯುತ್ತನ್ನು ಕಾಗದದ ಮೇಲಿನ ಅಳತೆಯಾಗಿಸಿದ ಕೀರ್ತಿ ನೆದರ್‌ಲ್ಯಾಂಡ್ಸಿನ ಲೈಡನ್ ನಗರದ ವಿಲ್ಲೆಮ್ ಐಂಥೋವನ್ ಅವರದು. ಅವರಿಗಿಂತ ಮುಂಚೆ, 1887ರಲ್ಲಿ, ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ ಮನುಷ್ಯ ಹೃದಯದ ವಿದ್ಯುತ್ತನ್ನು ಮೈಮೇಲಿಂದಲೇ ದಾಖಲಿಸಿ ತೋರಿಸಿದ್ದರು. ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳು ಐಂಥೋವನ್ 1895ರಲ್ಲಿ ಇಟ್ಟವು, ಇಂದಿಗೂ ಅವೇ. ಅವರ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರಬೇಕಿತ್ತು. ಅದನ್ನು ಆಸ್ಪತ್ರೆಗೆ ಒಯ್ಯುವುದು ಆಗದ ಮಾತು. ಅದಕ್ಕೆ 1905ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಿಂದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ರೋಗಿಯ ಹೃದಯದ ಸಂಕೇತವನ್ನೇ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು.

ರೋಗಿ ಇದ್ದಲ್ಲೇ ಇದ್ದು ಹೃದಯದ ಗೆರೆ ಮಾತ್ರ ತಜ್ಞರ ಕಣ್ಣಿಗೆ ಹೋಗುವ ಆ ಏರ್ಪಾಡು ನೂರಿಪ್ಪತ್ತು ವರ್ಷಗಳ ಮೇಲೆ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರುಮಾಡಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಕರಾವಳಿ, ಮಲೆನಾಡಿನ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ಬಂದ ಕಾಗದದ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಡಿ ಸಲಹೆ ಹೇಳುವ ದಾರಿ ತೋರಿಸಿತು. ಆಮೇಲೆ ರಾಜ್ಯ ಸರ್ಕಾರದ್ದೇ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ದೂರದ ತಜ್ಞರ ಮುಂದೆ ಬರುತ್ತದೆ. ಹೃದಯಾಘಾತ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಯೋಜನೆಗೆ ಆ ಹೆಸರು ಯಾಕೆ ಬಂತೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಈ ಸೀಮೆಯವರಿಗೆ ಅದು ಇನ್ನೂ ಹತ್ತಿರದ್ದು. ನಟ ಡಾ. ರಾಜ್‌ಕುಮಾರ್ ಅವರ ಊರು ಗಾಜನೂರು ಚಾಮರಾಜನಗರದ ಗಡಿಯಾಚೆ, ಈರೋಡ್ ಜಿಲ್ಲೆಯ ಕನ್ನಡ ಸೀಮೆಯಾದ ತಾಳವಾಡಿಯಲ್ಲಿದೆ. 2006ರ ಏಪ್ರಿಲ್ 12ರಂದು ಅವರನ್ನು ಕೊಂಡೊಯ್ದದ್ದು ಹೃದಯಸ್ತಂಭನ. 2021ರ ಅಕ್ಟೋಬರ್ 29ರಂದು ಮಗ ಪುನೀತ್ 46ನೇ ವಯಸ್ಸಿಗೆ ಹೋದರು. ಅಂದು ಬೆಳಿಗ್ಗೆ ಅವರನ್ನು ಮೊದಲು ಪರೀಕ್ಷಿಸಿದ ಕುಟುಂಬದ ವೈದ್ಯರು ಆಮೇಲೆ ಮಾಧ್ಯಮಗಳಿಗೆ ಹೇಳಿದ ಮಾತನ್ನು ಎಣಿಕೆ ಕಲಿಯುವ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು. ನಾಡಿಬಡಿತ ಸಹಜವಾಗಿತ್ತು, ಇಸಿಜಿಯಲ್ಲಿ ಮಾತ್ರ ಹೃದಯಕ್ಕೆ ಒತ್ತಡ ಬಿದ್ದ ಗುರುತು ಇತ್ತು, ಅದಕ್ಕೇ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಬಡಿತದ ಸಂಖ್ಯೆ ಹೇಳಲಾರದ್ದು ಇದನ್ನೇ. ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿರುವಾಗಲೂ ಬಡಿತ 72 ಇರಬಹುದು. ಹೃದಯದ ಕೆಳಭಾಗಕ್ಕೆ ಆಘಾತವಾದರೆ ಬಡಿತ ಇಳಿಯಲೂಬಹುದು, ಮುಂಭಾಗಕ್ಕಾದರೆ ಏರಬಹುದು. ಹೃದಯಾಘಾತದ ಗುರುತನ್ನು ವೈದ್ಯರು ಹುಡುಕುವುದು ಎಸ್ ಮತ್ತು ಟಿ ನಡುವಿನ ಗೆರೆಯಲ್ಲಿ, ಅದು ಮೇಲೆದ್ದಿದೆಯೇ, ಕುಸಿದಿದೆಯೇ ಎಂದು. ಮೊದಲ ಇಸಿಜಿಯಲ್ಲಿ ಅದೂ ಕಾಣದೆ, ಹದಿನೈದಿಪ್ಪತ್ತು ನಿಮಿಷ ಬಿಟ್ಟು ತೆಗೆದ ಎರಡನೆಯದರಲ್ಲಿ ಕಾಣುವುದುಂಟು. ಸಕ್ಕರೆ ಕಾಯಿಲೆಯವರಿಗೆ ನೋವೇ ಬಾರದೆ ಬರೀ ಸುಸ್ತು, ಬೆವರು, ಏದುಸಿರಾಗಿ ಬರುವುದೂ ಉಂಟು. ಹಾಗಾಗಿ ಆಕ್ಸಿಮೀಟರಿಗೆ ಬೆರಳಿಟ್ಟು, ಕೈಗಡಿಯಾರ ನೋಡಿ, ‘ಹಾರ್ಟ್‌ಬೀಟ್ ಸರಿಯಾಗೇ ಇದೆ, ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವುದು ಅಪಾಯದ ಕೆಲಸ.

ಇದಕ್ಕೆ ತದ್ವಿರುದ್ಧವಾದ ನೋಟವನ್ನೂ 2025ರ ಜುಲೈನಲ್ಲಿ ಕಂಡೆವು. ಹಾಸನದಲ್ಲಿ ಹೃದಯಾಘಾತದಿಂದ ಸಾಲುಸಾಲು ಸಾವುಗಳಾದ ಸುದ್ದಿ ಹಬ್ಬಿದ ಮೇಲೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲು ನಿಂತರು. ನೋವಿಲ್ಲದವರೂ ಒಂದು ಇಸಿಜಿ ತೆಗೆಸಿಬಿಡೋಣ ಎಂದು ಬಂದಿದ್ದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಲೆಕ್ಕಗಳನ್ನು ಪರಿಶೀಲಿಸಿ, ಸಾವುಗಳಲ್ಲಿ ಅಸಹಜವಾದ ಏರಿಕೆ ಕಂಡಿಲ್ಲ ಎಂದು ವರದಿ ಕೊಟ್ಟಿತು. ಹೃದಯ ಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಆ ಸಾಲಿನ ಮೂಲ ನನಗೆ ಕಾಣುವುದು ಹತ್ತಿರದ ಆಸ್ಪತ್ರೆಯ ಮೇಲಿನ ಅಪನಂಬಿಕೆಯಲ್ಲಿ. ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆ, ಯಡಬೆಟ್ಟದ ಬುಡದಲ್ಲಿ 2021ರ ಅಕ್ಟೋಬರ್ 7ರಂದು ಅಂದಿನ ರಾಷ್ಟ್ರಪತಿಗಳು ಉದ್ಘಾಟಿಸಿದ ಚಾಮರಾಜನಗರದ ಸಿಮ್ಸ್ ಬೋಧನಾ ಆಸ್ಪತ್ರೆ, ಇವನ್ನೆಲ್ಲ ದಾಟಿ ಎದೆನೋವಿನ ರೋಗಿಯನ್ನು ಕಾರಿನಲ್ಲಿ ಕೂರಿಸಿ ನೇರ ಮೈಸೂರಿಗೆ ಓಡಿಸುವುದು ನಮ್ಮಲ್ಲಿ ಪ್ರೀತಿಯ ಗುರುತಾಗಿದೆ. ರೋಗಿ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಜಗತ್ತಿನ ಹೃದ್ರೋಗ ತಜ್ಞರು ಒಪ್ಪಿದ ನಿಯಮ. ನೇರ ಮೈಸೂರಿಗೆ ಓಡಿಸಿದರೆ ಆ ಮೊದಲ ಗೆರೆ ಮೂಡುವುದೇ ಅರವತ್ತು ಕಿಲೋಮೀಟರ್ ಆದಮೇಲೆ. ಅಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಇಸಿಜಿ ಮಾಡಿಸಿ, ಬೇಕಾದ ಚುಚ್ಚುಮದ್ದು ಹಾಕಿಸಿ, ಆಮೇಲೆ 108 ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೊರಡುವುದು ಕಾಲ ಕಳೆಯುವ ದಾರಿಯಲ್ಲ, ಕಾಲ ಉಳಿಸುವ ದಾರಿ.

ಪ್ರಥಮ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಇಸಿಜಿಯ ಚಿತ್ರವಿದೆ, ಕ್ಯೂಆರ್‌ಎಸ್ ಎಣಿಸಿ ಹೃದಯದ ವೇಗ ತಿಳಿಯಬಹುದು ಎಂಬ ಸಾಲೂ ಇದೆ. ಜಿಲ್ಲೆಯ ಕಾಲೇಜುಗಳ ಉಪನ್ಯಾಸಕರು ಆ ಪಾಠದ ದಿನ ಹೆಸರು ಮರೆಮಾಡಿದ ಒಂದು ನಿಜವಾದ ಇಸಿಜಿಯ ಪ್ರತಿಯನ್ನು ಪ್ರತಿ ವಿದ್ಯಾರ್ಥಿಯ ಕೈಗೆ ಕೊಟ್ಟು ಎಣಿಸಲು ಹೇಳಬೇಕೆಂಬುದು ನನ್ನ ಬೇಡಿಕೆ. ಖರ್ಚು ಒಂದು ಜೆರಾಕ್ಸಿನಷ್ಟು. ಆ ಮಕ್ಕಳೇ ನಾಳೆ ಮನೆಯಲ್ಲಿ ಅಜ್ಜನ ಕಾಗದ ಬಿಚ್ಚಿ ನೋಡುತ್ತಾರೆ, ಎಣಿಸುತ್ತಾರೆ, ಎಣಿಕೆ ಸರಿಯಿದ್ದರೂ ನೋವಿದ್ದರೆ ಆಸ್ಪತ್ರೆಗೆ ಹೋಗಲೇಬೇಕು ಎಂದು ಹೇಳುತ್ತಾರೆ.

ಕೊನೆಗೊಂದು ಕೆಲಸ ಎಲ್ಲ ಮನೆಗಳಿಗೂ ಇದೆ. ಇಸಿಜಿ ಮುದ್ರಣವಾಗುವುದು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ. ಬಿಸಿಲಿಗೆ, ಸೆಕೆಗೆ, ಕಾಲಕ್ಕೆ ಆ ಗೆರೆಗಳು ಮಾಸಿಹೋಗುತ್ತವೆ. ಬಿಸಿ ಲ್ಯಾಮಿನೇಷನ್ ಮಾಡಿಸಿದರೆ ಕಾಗದವೇ ಕರ್ರಗಾಗುತ್ತದೆ. ಹೊಸ ಇಸಿಜಿಯಲ್ಲಿ ಕಂಡ ಬದಲಾವಣೆ ಇಂದಿನದೋ ಹಳೆಯದೋ ಎಂದು ವೈದ್ಯರಿಗೆ ತಿಳಿಯುವುದು ಹಳೆಯದರ ಜೊತೆ ಹೋಲಿಸಿದಾಗ. ನಿಮ್ಮ ಮನೆಯ ಕವರಿನಲ್ಲಿ ಅಂಥ ಕಾಗದವಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ, ಒಳ್ಳೆಯ ಬೆಳಕಿನಲ್ಲಿ ಮೊಬೈಲನ್ನು ನೇರವಾಗಿ ಹಿಡಿದು ಫೋಟೊ ತೆಗೆದಿಡಿ, ತಾರೀಖು ಬರೆದಿಡಿ. ಎದೆನೋವು ಬಂದ ದಿನ ಅದನ್ನೂ ಹಿಡಿದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ.